ಕಿಡಿ ಆರು ಡಿಗ್ರಿ ಹಿಂದೆ

ಷೆಡ್ಡಿನ ಮೇಜಿನಿಂದ,
ಮಾರ್ಚ್ ೧೧, ಸೋಮವಾರ ಮಧ್ಯಾಹ್ನ

ಮಾವನವರಿಗೆ ನಮಸ್ಕಾರಗಳು.

ಮಂಡಿ ನೋವು ಹೇಗಿದೆ? ನಾದಿನಿಯ ಮನೆಯ ಮೆಟ್ಟಿಲು ತುಂಬ ಕಡಿದಾಗಿವೆಯಂತೆ. ಇಳಿಯುವಾಗ ಕಂಬಿ ಹಿಡಿದುಕೊಳ್ಳಿ, ಅದರಿಂದ ಯಾರ ಮರ್ಯಾದೆಯೂ ಹೋಗುವುದಿಲ್ಲ. ಡಾಕ್ಟರು ಕೊಟ್ಟ ಮಾತ್ರೆಯನ್ನು ಊಟವಾದ ಮೇಲೆ ತೆಗೆದುಕೊಳ್ಳಬೇಕು, ಊಟದ ಬದಲು ಅಲ್ಲ. ಇಲ್ಲಿ ಅತ್ತೆ ಗಟ್ಟಿಯಾಗಿದ್ದಾರೆ. ನಿಮ್ಮ ಜೊತೆ ಹೊರಡದೆ ಇಲ್ಲೇ ಉಳಿದದ್ದಕ್ಕೆ ಅವರಿಗೆ ಒಂದು ಚೂರೂ ಪಶ್ಚಾತ್ತಾಪವಿಲ್ಲ ಎಂದು ಬರೆಯಲು ಹೇಳಿದ್ದಾರೆ. ಆದರೂ ದಿನಾ ಸಂಜೆ ಎರಡು ಲೋಟ ಟೀ ಸುರಿದು, ಆಮೇಲೆ ನೆನಪಾಗಿ, ಎರಡನ್ನೂ ತಾವೇ ಕುಡಿಯುತ್ತಾರೆ. ಇದನ್ನು ಬರೆಯಲು ಅವರು ಹೇಳಲಿಲ್ಲ. ನಿಮ್ಮ ಮಗ ಚೆನ್ನಾಗಿದ್ದಾರೆ. ನನ್ನ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಸ್ಪ್ಯಾನರ್ ಜಾರಿ ಕಪ್ಪಾಗಿದೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ.

ನಿಮ್ಮ ಪತ್ರ ಗುರುವಾರ ಬಂತು. ಮೂರೇ ಸಾಲು. ನಾನು ಷೆಡ್ಡು ತೆರೆದು ಇಂಜಿನ್ ಬಿಚ್ಚಿದ ಸುದ್ದಿ ನಿಮಗೆ ಮುಟ್ಟಿದೆ, ಷೆಡ್ಡಿಗೆ ಬೀಗ ಹಾಕಬೇಕು, ಕೀಲಿಯನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸಬೇಕು. ಓದಿ ಮಡಚಿ ಟೂಲ್ ಬಾಕ್ಸಿನಲ್ಲಿಟ್ಟೆ. ಭಾನುವಾರ ರೇಸ್ ಮುಗಿಯುವವರೆಗೆ ಉತ್ತರ ಬರೆಯಬಾರದೆಂದು ತೀರ್ಮಾನಿಸಿದ್ದೆ. ಸೋತ ಮೇಲೆ ಬರೆದರೆ ಅಳು ಅನ್ನುತ್ತೀರಿ, ಗೆಲ್ಲುವ ಮೊದಲು ಬರೆದರೆ ಜಂಭ ಅನ್ನುತ್ತೀರಿ. ನಿನ್ನೆ ರೇಸ್ ಮುಗಿಯಿತು. ಈಗ ಉತ್ತರ ಇದು: ಕೀಲಿ ಕಳಿಸುವುದಿಲ್ಲ. ಹನ್ನೊಂದು ವರ್ಷದಲ್ಲಿ ನಿಮ್ಮ ಮಾತಿಗೆ ನಾನು ಇಲ್ಲ ಅಂದದ್ದು ಇದೇ ಮೊದಲು. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಹೇಳಿ ನನಗೆ ಅಭ್ಯಾಸವಿಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ. ಕಾರಣ ಇನ್ನು ಮುಂದಿದೆ. ಕೋಪ ಬಂದರೂ ಪೂರ್ತಿ ಓದಿ.

ನವೆಂಬರಿನ ಆ ಭಾನುವಾರವನ್ನು ನೀವು ಮರೆತಿಲ್ಲ, ನಾವೂ ಮರೆತಿಲ್ಲ. ಹಳೆಯ ವಿಮಾನ ನಿಲ್ದಾಣದ ರನ್‌ವೇ ಮೇಲೆ ನಮ್ಮ ಕಾರು ನೆಗೆದು ಹೊರಟಿತು. ಮೂರನೇ ಗೇರಿಗೆ ಬಂದ ಮೇಲೆ ನಿಮ್ಮ ಮಗ ನೈಟ್ರಸ್‌ನ ಬಟನ್ ಒತ್ತಿದರು. ನೀವು ಬರೀ ‘ಗ್ಯಾಸು’ ಅನ್ನುವ, ಇಂಜಿನ್ನಿಗೆ ಒಮ್ಮೆಲೇ ಬಲ ತುಂಬುವ ಆ ನೀಲಿ ಸಿಲಿಂಡರಿನ ನೈಟ್ರಸ್ ಆಕ್ಸೈಡ್ ಎರಡೇ ಎರಡು ಸೆಕೆಂಡು ಹರಿಯಿತು. ಆಮೇಲೆ ತಗಡಿನ ಡ್ರಮ್ಮನ್ನು ಮಹಡಿಯಿಂದ ಉರುಳಿಸಿದಂಥ ಸದ್ದು, ಬಾನೆಟ್ ಸಂದಿಯಿಂದ ಬಿಳಿ ಹೊಗೆ. ನಿಮ್ಮ ಮಗ ಕಾರನ್ನು ಹುಲ್ಲಿನ ಮೇಲೆ ಇಳಿಸಿ, ಹೆಲ್ಮೆಟ್ ತೆಗೆದು, ನಡೆದುಕೊಂಡು ನಿಮ್ಮ ಹತ್ತಿರ ಬಂದರು. ಅವರಿಗೆ ಪೆಟ್ಟಾಗಿದೆಯೋ ಇಲ್ಲವೋ ಎಂದು ನೀವು ಕೇಳಲಿಲ್ಲ. ನಲವತ್ತು ಜನರ ಎದುರಿಗೆ, “ಕೈ ಚಪಲ ನಿನಗೆ. ಬೇಗ ಒತ್ತಿ ಇಂಜಿನ್ ಸುಟ್ಟೆ,” ಅಂದಿರಿ. ಮಾರನೆಯ ದಿನ ಬಸ್ಸು ಹತ್ತಿದಿರಿ. ಅವರು ಹೆಲ್ಮೆಟ್ಟನ್ನು ಅಟ್ಟದ ಮೇಲೆಸೆದು, ಬೇಕರಿಯ ವ್ಯಾನ್ ಓಡಿಸುವ ಕೆಲಸಕ್ಕೆ ಸೇರಿದರು. ಇಂಜಿನ್ನಿನ ಮೇಲೆ ಟಾರ್ಪಾಲು ಹೊದಿಸಿದ್ದಾಯಿತು. ಮನೆಯಲ್ಲಿ ರೇಸಿನ ಮಾತು ನಿಂತಿತು. ಊಟದ ಹೊತ್ತಿನಲ್ಲಿ ಮೊದಲೆಲ್ಲ ಚಮಚವನ್ನೇ ಗೇರು ಮಾಡಿಕೊಂಡು ಮಾತಾಡುತ್ತಿದ್ದವರು, ತಟ್ಟೆ ನೋಡಿಕೊಂಡು ತಿಂದು ಎದ್ದುಹೋಗತೊಡಗಿದರು.

ಎರಡು ತಿಂಗಳು ನಾನೂ ಸುಮ್ಮನಿದ್ದೆ. ಆದರೆ ನಾನು ಈ ಮನೆಗೆ ಬರುವ ಮೊದಲು ಎಂಟು ವರ್ಷ ಪಂಪ್ ಕಾರ್ಖಾನೆಯ ಟೆಸ್ಟ್ ಬೆಂಚಿನಲ್ಲಿ ಕೂತವಳು. ಅಲ್ಲಿ ಪಂಪು ಒಡೆದರೆ ಯಾರನ್ನೂ ಬೈಯುವಂತಿರಲಿಲ್ಲ, ಮೊದಲು ಬಿಚ್ಚಿ ನೋಡಬೇಕಿತ್ತು. ಇಲ್ಲಿ ಬೈಗುಳ ಮೊದಲು ಆಯಿತು, ಬಿಚ್ಚಿ ನೋಡುವುದು ಆಗಲೇ ಇಲ್ಲ. ಜನವರಿಯ ಒಂದು ಬೆಳಿಗ್ಗೆ ಅತ್ತೆ ಮಾರುಕಟ್ಟೆಗೆ ಹೋದಾಗ ಟಾರ್ಪಾಲು ಎಳೆದೆ.

ಇಂಜಿನ್ನಿನ ಮುಚ್ಚಳದಂತಿರುವ ಹೆಡ್ ಎತ್ತಿದರೆ ಎರಡನೆಯ ಮತ್ತು ಮೂರನೆಯ ಪಿಸ್ಟನ್ನಿನ ಅಂಚು ಇಲಿ ಕಡಿದ ಸಾಬೂನಿನ ಹಾಗಿತ್ತು. ರಿಂಗ್ ಕೂರುವ ದಂಡೆ ಮುರಿದಿತ್ತು. ಸ್ಪಾರ್ಕ್ ಪ್ಲಗ್‌ಗಳ ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿದಂತೆ ಸಣ್ಣ ಚುಕ್ಕೆ. ಭೂತಗನ್ನಡಿ ಹಿಡಿದರೆ ಅವು ಕಪ್ಪಲ್ಲ, ಹೊಳೆಯುತ್ತಿದ್ದವು. ಪಿಸ್ಟನ್ನಿನ ಅಲ್ಯೂಮಿನಿಯಮ್ಮೇ ಕರಗಿ ಸಿಡಿದು ಅಂಟಿಕೊಂಡದ್ದು. ಒಳಗೆ ಬೆಂಕಿ ಉರಿದಿಲ್ಲ, ಸಿಡಿದಿದೆ. ಗ್ಯಾಸಿನ ಜೊತೆ ಪೆಟ್ರೋಲ್ ಕಡಿಮೆ ಹರಿದರೂ ಹೀಗಾಗುತ್ತದೆ. ಆದ್ದರಿಂದ ಪೆಟ್ರೋಲಿನ ಜೆಟ್ ಬಿಚ್ಚಿ ತೂತು ಅಳೆದೆ, ಪಂಪಿನ ಒತ್ತಡ ನೋಡಿದೆ, ಪೈಪು ಊದಿ ನೋಡಿದೆ. ಎಲ್ಲವೂ ಸರಿಯಿದ್ದವು. ಬಟನ್ ಬೇಗ ಒತ್ತಿದ್ದರೆ ಚಕ್ರ ಜಾರುತ್ತಿತ್ತು, ರನ್‌ವೇ ಮೇಲೆ ಟೈರಿನ ಕರಿ ಗೆರೆ ಬೀಳುತ್ತಿತ್ತು. ಅಂಥ ಗೆರೆ ಇರಲಿಲ್ಲ, ನಾನೇ ಆ ದಿನ ನಡೆದು ನೋಡಿದ್ದೆ. ಉಳಿದದ್ದು ಒಂದೇ, ಕಿಡಿ ಹಾರುವ ಹೊತ್ತು. ಅದನ್ನು ಇಟ್ಟವರು ನೀವು.

ನನಗೆ ಟೈಮಿಂಗ್ ಹೇಳಿಕೊಟ್ಟವರೂ ನೀವೇ. ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಹಾರಬೇಕು, ಯಾಕೆಂದರೆ ಪೆಟ್ರೋಲ್ ಹೊತ್ತಿ ಹರಡಲು ಸ್ವಲ್ಪ ಸಮಯ ಬೇಕು. ಗ್ಯಾಸು ಸೇರಿದಾಗ ಬೆಂಕಿ ಬೇಗ ಹರಡುತ್ತದೆ, ಆಗ ಕಿಡಿಯನ್ನು ತಡ ಮಾಡಬೇಕು. ಇಲ್ಲದಿದ್ದರೆ ಇನ್ನೂ ಮೇಲೇರುತ್ತಿರುವ ಪಿಸ್ಟನ್ನಿನ ನೆತ್ತಿಗೆ ಸುತ್ತಿಗೆ ಬಿದ್ದ ಹಾಗೆ. ಮದುವೆಯಾದ ಮೊದಲ ವರ್ಷ ಇದೇ ಮೇಜಿನ ಮುಂದೆ ನನ್ನನ್ನು ನಿಲ್ಲಿಸಿಕೊಂಡು, “ನೆಂಟರು ಓಡ್ಕೊಂಡು ಬರೋರಾದ್ರೆ, ಕರೆಯೋದನ್ನ ತಡ ಮಾಡು,” ಅಂದಿದ್ದಿರಿ. ಅದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಿಲ್ಲ. ಕಿಡಿಯ ಹೊತ್ತನ್ನು ಕಣ್ಣಿಗೆ ತೋರಿಸುವ ಟೈಮಿಂಗ್ ಲೈಟ್ ಮಾತ್ರ ನಿಮಗೆ ಆಗಿಬರಲಿಲ್ಲ. ನಾನು ಕೊಂಡು ತಂದದ್ದನ್ನು ಕಣ್ಣು ಕಾಣದವರ ಕೋಲು ಅಂದಿರಿ. ನಿಮ್ಮ ಲೆಕ್ಕ ಕಿವಿಯದು. ಮನೆಯ ಹಿಂದಿನ ಏರು ರಸ್ತೆಯಲ್ಲಿ ಮಗನನ್ನು ಕಾರಿಗೆ ಕೂರಿಸಿ, ಮೇಲಿನ ಗೇರಿನಲ್ಲಿ ಎಳೆಸಿ, ಪಕ್ಕದಲ್ಲಿ ಕೂತು ಆಲಿಸುತ್ತಿದ್ದಿರಿ. ಪ್ರತಿ ಸಲ ಇಳಿದು ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿ ಕಿಡಿಯನ್ನು ಮುಂದೆ, ಅಂದರೆ ಇನ್ನಷ್ಟು ಬೇಗಕ್ಕೆ, ತರುತ್ತಿದ್ದಿರಿ. ಒಳಗಿನಿಂದ ಸಣ್ಣ ಟಿಕ್ ಟಿಕ್ ಕೇಳಿಸಿದ ಕೂಡಲೇ ಅಲ್ಲಿಂದ ಆರು ಡಿಗ್ರಿ ಹಿಂದೆ ತಂದು ಬಿಗಿದು, ಉಳಿಯಿಂದ ಒಂದು ಗೀರು ಹಾಕುತ್ತಿದ್ದಿರಿ. ವರ್ಷಕ್ಕೊಂದು ಗೀರು.

ಮಾವ, ಆ ಗೀರುಗಳು ಈಗಲೂ ಡಿಸ್ಟ್ರಿಬ್ಯೂಟರಿನ ಕುತ್ತಿಗೆಯ ಮೇಲಿವೆ. ಇಂಜಿನ್ನನ್ನು ಹೊಸ ಪಿಸ್ಟನ್ ಹಾಕಿ ಕೂಡಿಸಿದ ಮೇಲೆ ಒಂದೊಂದೇ ಗೀರಿಗೆ ಹೊಂದಿಸಿ, ಗ್ಯಾಸಿಲ್ಲದೆ ಓಡಿಸಿ, ಲೈಟ್ ಹಿಡಿದು ನೋಡಿದೆ. ಮೊದಲ ಗೀರು, ನಾಲ್ಕು ವರ್ಷದ ಹಿಂದಿನದು, ಪಿಸ್ಟನ್ ತುದಿ ಮುಟ್ಟುವುದಕ್ಕೆ ಇಪ್ಪತ್ತೆಂಟು ಡಿಗ್ರಿ ಮೊದಲು. ಈ ಇಂಜಿನ್ನಿಗೆ ಗ್ಯಾಸಿಲ್ಲದೆ ಮೂವತ್ನಾಲ್ಕು ಬೇಕು, ಗ್ಯಾಸಿನ ಜೊತೆ ಇಪ್ಪತ್ತೆಂಟು. ಕಾಗದ, ಪೆನ್ಸಿಲ್, ಲೈಟ್, ಎಲ್ಲ ಇಟ್ಟುಕೊಂಡು ಎರಡು ದಿನ ಒದ್ದಾಡಿ ನಾನು ಕಂಡುಕೊಂಡ ಅಂಕಿಯನ್ನು ನೀವು ಬರಿಯ ಕಿವಿಯಲ್ಲಿ ಹಿಡಿದು ಕಬ್ಬಿಣದ ಮೇಲೆ ಗೀಚಿದ್ದಿರಿ. ಅದನ್ನು ನೋಡಿ ಸ್ಟೂಲಿನ ಮೇಲೆ ಕೂತುಬಿಟ್ಟೆ. ಆದರೆ ಎರಡನೆಯ ಗೀರು ಮೂವತ್ತೊಂದು. ಮೂರನೆಯದು ಮೂವತ್ನಾಲ್ಕು. ಆ ವರ್ಷ ಹೆಡ್ ಗ್ಯಾಸ್ಕೆಟ್ ಹಾರಿಹೋದಾಗ ಗ್ಯಾಸ್ಕೆಟ್ ಮಾರಿದವನ ಏಳು ತಲೆಮಾರನ್ನು ನೀವು ಜಾಲಾಡಿದಿರಲ್ಲ, ಆ ಪಾಪದವನ ತಪ್ಪೇನೂ ಇರಲಿಲ್ಲ. ನವೆಂಬರಿನ ಗೀರು ಮೂವತ್ತೆಂಟು.

ಕೈ ಸರಿಯಾಗಿಯೇ ಇದೆ. ಪ್ರತಿ ಸಲವೂ ಕೇಳಿಸಿದ ಜಾಗದಿಂದ ಆರೇ ಡಿಗ್ರಿ ಹಿಂದೆ ತಂದಿದ್ದೀರಿ. ಕೇಳಿಸುವುದೇ ತಡವಾಗುತ್ತಾ ಹೋಗಿದೆ. ಆ ಸಣ್ಣ ಟಿಕ್ ನಿಮಗೆ ಈಗ ಕೇಳಿಸುವುದು ಅದು ಸುತ್ತಿಗೆಯಾದ ಮೇಲೆ.

ಇದು ಮಾವನಿಗೆ ಸೊಸೆ ಬರೆಯುವ ಮಾತಲ್ಲ, ಗೊತ್ತು. ಆದರೆ ಎತ್ತಿಗೆ ಜ್ವರ ಬಂದದ್ದಕ್ಕೆ ಎಮ್ಮೆಗೆ ಬರೆ ಹಾಕಿ ನಾಲ್ಕು ತಿಂಗಳಾಯಿತು, ಎಮ್ಮೆಯಂತೂ ಬಾಯಿ ಬಿಡುವುದಿಲ್ಲ.

ಅತ್ತೆಗೆ ಮೊದಲು ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ. ಬಟ್ಟೆ ಮಡಚುತ್ತಾ, “ಮೂರು ವರ್ಷದಿಂದ ಗಂಟಲು ಹರ್ಕೊಂಡು ಮಾತಾಡ್ತಿದೀನಿ. ನೀವೆಲ್ಲ ನನ್ನನ್ನ ಜಗಳಗಂಟಿ ಅಂದ್ಕೊಂಡ್ರಿ,” ಅಂದರು. ನಿಜ, ಹಾಗೇ ಅಂದುಕೊಂಡಿದ್ದೆವು. ಬೆನ್ನ ಹಿಂದಿನಿಂದ ಕರೆದರೆ ನೀವು ತಿರುಗುತ್ತಿರಲಿಲ್ಲ, ಸಿಟ್ಟು ಅಂದುಕೊಂಡಿದ್ದೆವು. ನಲ್ಲಿ ಸೋರುತ್ತಿದ್ದರೂ ಪಕ್ಕದಲ್ಲೇ ಕೂತಿರುತ್ತಿದ್ದಿರಿ, ಯೋಚನೆ ಅಂದುಕೊಂಡಿದ್ದೆವು. ಒಂದು ಮನೆಯಲ್ಲಿ ಮೂರು ಜನ ಕಿವಿ ಸರಿಯಿರುವವರಿದ್ದು, ಯಾರೂ ಏನೂ ಕೇಳಿಸಿಕೊಳ್ಳಲಿಲ್ಲ ನೋಡಿ.

ಮೂರು ಜನ ಅಂದದ್ದು ತಪ್ಪು. ಅತ್ತೆಯ ಹಾಗೆ ಇನ್ನೊಬ್ಬರಿಗೂ ಗೊತ್ತಿತ್ತು. ನಿಮ್ಮ ಮಗ ವ್ಯಾನ್ ನಿಲ್ಲಿಸಿ ಬಂದಾಗ ಅಂಗೈ ಹಿಡಿಸಿ, ಚುಕ್ಕೆ ಬಿದ್ದ ಪ್ಲಗ್ಗನ್ನು ಇಟ್ಟೆ. ಇದು ನಿಮ್ಮ ಕೈ ಮಾಡಿದ್ದಲ್ಲ, ಟೈಮಿಂಗ್ ಹತ್ತು ಡಿಗ್ರಿ ಮುಂದಿತ್ತು ಅಂದೆ. ಅವರು ಪ್ಲಗ್ಗನ್ನು ನೋಡಲೇ ಇಲ್ಲ, ನನಗೇ ವಾಪಸ್ಸು ಕೊಟ್ಟು, “ಗೊತ್ತು,” ಅಂದರು. ಏರು ರಸ್ತೆಯಲ್ಲಿ ಎಳೆಸುವಾಗ ಅವರಿಗೆ ಟಿಕ್ ಟಿಕ್ ಮೊದಲ ಸಲಕ್ಕೇ ಕೇಳಿಸಿತ್ತಂತೆ. ನಿಮ್ಮ ಮುಖ ನೋಡಿದರೆ ನೀವು ಇನ್ನೂ ಮುಂದೆ, ಇನ್ನೂ ಮುಂದೆ ಅನ್ನುತ್ತಿದ್ದಿರಂತೆ. ನಾನೇ ತಪ್ಪು ಕೇಳಿಸಿಕೊಂಡೆನೇನೋ, ಅಪ್ಪನ ಕಿವಿಯ ಮುಂದೆ ನನ್ನದೇನು ಅಂದುಕೊಂಡರಂತೆ. ನಾಲ್ಕನೇ ಸಲ ಅರ್ಥವಾಯಿತಂತೆ. ಅರ್ಥವಾದ ಮೇಲೂ ಸುಮ್ಮನೆ ರೇಸಿಗಿಳಿದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ಸದ್ದಾದಾಗ ಬೋಲ್ಟೊಂದು ಇಂಜಿನ್ನಿಗೂ ಡ್ರೈವರಿಗೂ ನಡುವಿನ ತಗಡನ್ನು ತೂರಿ ಬಂದಿದ್ದರೆ ಏನು ಗತಿ, ಹೆಂಡತಿಗಾದರೂ ಹೇಳಬಾರದಿತ್ತೇ ಅಂದೆ. ಅವರು ಹೇಳಿದ್ದು ಇಷ್ಟೇ: “ನಲವತ್ತು ಜನ ನಿಂತಿದ್ರು. ಅಪ್ಪನ ಕಿವಿ ಹೋಗಿದೆ ಅಂತ ಅವರೆದುರಿಗೆ ನಾನು ಹೇಳ್ಬೇಕಿತ್ತಾ? ಕೈ ಚಪಲ ಅನ್ನಿಸ್ಕೊಂಡ್ರೆ ಏನೀಗ, ಅನ್ನಿಸ್ಕೊಂಡೆ.” ಇದನ್ನು ನಿಮಗೆ ಬರೆಯಕೂಡದೆಂದು ನನ್ನಿಂದ ಮಾತು ತೆಗೆದುಕೊಂಡರು. ಮಾತು ಕೊಟ್ಟೆ. ಮುರಿಯುತ್ತಿದ್ದೇನೆ. ಅಪ್ಪ ಮಗ ಇಬ್ಬರೂ ಮರ್ಯಾದೆ ಕಾಯುತ್ತಾ ಕೂತರೆ ಮನೆಯಲ್ಲಿ ಮಾತಾಡುವವರು ಯಾರಾದರೂ ಬೇಕಲ್ಲ.

ಆಮೇಲೆ ಅಟ್ಟದಿಂದ ಹೆಲ್ಮೆಟ್ ಇಳಿಸಿ ಒರೆಸಿದೆ. ನೀವು ಓಡಿಸದಿದ್ದರೆ ನಾನು ಓಡಿಸುತ್ತೇನೆ ಅಂದೆ. ನನ್ನ ಡ್ರೈವಿಂಗ್ ಬಗ್ಗೆ ನಿಮ್ಮ ಅಭಿಪ್ರಾಯವೇ ಅವರದ್ದೂ ಆದ್ದರಿಂದ ಕೂಡಲೇ ಒಪ್ಪಿಕೊಂಡರು.

ನಿನ್ನೆ ಬೆಳಿಗ್ಗೆ ರನ್‌ವೇಗೆ ಹೊರಟಾಗ ಅತ್ತೆ ಛತ್ರಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನಲವತ್ತು ವರ್ಷ ಗ್ರೀಸು ಬಟ್ಟೆ ಒಗೆದಿದ್ದೇನೆ, ಅದು ಯಾತಕ್ಕೆ ಕೊಳೆಯಾಗುತ್ತದೆಂದು ಒಂದು ಸಲ ನೋಡಿಯೇಬಿಡುತ್ತೇನೆ ಅಂದರು. ಅಲ್ಲಿ ಹೆಸರು ಬರೆಸುವ ಮೇಜಿನಲ್ಲಿ ರೇಸ್ ಕ್ಲಬ್ಬಿನ ಸೀಟಿ ಕಾರ್ಯದರ್ಶಿ ಕೂತಿದ್ದರು, ನಿಮ್ಮ ಹಳೆಯ ಸ್ನೇಹಿತರೇ, ಊಟ ಮಾಡುವಾಗಲೂ ಕೊರಳಿನ ಸೀಟಿ ತೆಗೆಯದವರು. ಡ್ರೈವರಿನ ಹೆಸರು ಬರೆದುಕೊಂಡರು. ಮೇಸ್ತ್ರಿಯ ಹೆಸರು ಅನ್ನುವ ಜಾಗಕ್ಕೆ ಬಂದಾಗ ನನ್ನನ್ನು ಕೇಳದೆ ನಿಮ್ಮದನ್ನು ಬರೆಯಹೊರಟರು. ಟೈಮಿಂಗ್ ಇಟ್ಟವಳು ನಾನು ಅಂದೆ. ಅವರು ನಕ್ಕು, ಇರಲಮ್ಮ, ಮಾವನ ಹೆಸರೇ ಇರಲಿ, ಅದಕ್ಕೊಂದು ತೂಕ ಇದೆ ಅಂದರು. ನಾನು ಪಟ್ಟಿಯ ಮೇಲೆ ಕೈಯಿಟ್ಟೆ.

“ಇಂಜಿನ್ ಇವತ್ತು ಒಡೆದ್ರೆ ಯಾರು ಒಡೆದಿದ್ದು ಅಂತೀರಿ?”

“ನೀವು ಅಂತೀವಿ,” ಅಂದರು. ಸುಳ್ಳು ಹೇಳುವ ಮನುಷ್ಯರಲ್ಲ.

“ಹಾಗಾದ್ರೆ ಈಗ್ಲೇ ನನ್ನ ಹೆಸರು ಬರೀರಿ.”

ಹಿಂದಿನ ಸಾಲಿನಲ್ಲಿ ನಿಂತವರು ಗೊಣಗಿದರು. ಅತ್ತೆ ಛತ್ರಿಯನ್ನು ಮೇಜಿನ ಕಾಲಿಗೆ ಎರಡು ಸಲ ತಟ್ಟಿದರು. ಕಾರ್ಯದರ್ಶಿ ಬರೆದರು. ನಿಮ್ಮ ಹೆಸರನ್ನು ಅಳಿಸಿದೆನೆಂದು ನೊಂದುಕೊಳ್ಳಬೇಡಿ. ನಿಮ್ಮ ಹೆಸರಿನ ಹಿಂದೆ ಅಡಗಿಕೊಂಡು ಕೆಲಸ ಮಾಡಿದ್ದರೆ, ತಪ್ಪಾದಾಗ ಇನ್ನೊಬ್ಬರ ತಲೆಗೆ ಕಟ್ಟುವ ಚಾಳಿ ನನಗೂ ಬರುತ್ತಿತ್ತು. ಈ ಮಾತು ಖಾರವಾಯಿತು. ಇರಲಿ, ಹೊಡೆದು ಹಾಕುವುದಿಲ್ಲ.

ಮೊದಲ ಓಟ ಗ್ಯಾಸಿಲ್ಲದೆ. ಕಿಡಿ ಆರು ಡಿಗ್ರಿ ಹಿಂದಿರುವುದರಿಂದ ಇಂಜಿನ್ ಸ್ವಲ್ಪ ಮಂಕಾಗಿತ್ತು, ಕಾರು ತೂಕಡಿಸಿದ ಹಾಗೆ ಹೋಯಿತು. ಪಕ್ಕದ ಗುಂಪಿನ ಮೇಸ್ತ್ರಿಯೊಬ್ಬ, ಕಿಡಿ ಇನ್ನೂ ಮನೆಯಿಂದ ಹೊರಟಿಲ್ಲ ಅನ್ಸುತ್ತೆ ಅಂದ. ಎಲ್ಲರೂ ನಕ್ಕರು. ನನ್ನ ಕೈ ಸ್ಪ್ಯಾನರ್ ಕಡೆ ಹೋದದ್ದು ಸುಳ್ಳಲ್ಲ. ಎರಡು ಡಿಗ್ರಿ ಮುಂದೆ ತಂದರೆ ನಗು ನಿಲ್ಲುತ್ತದೆ ಅನ್ನಿಸಿತು. ಆಗ ನಿಮ್ಮ ಕಷ್ಟವೂ ಸ್ವಲ್ಪ ಅರ್ಥವಾಯಿತು, ನಾಲ್ಕು ಜನ ನೋಡುತ್ತಿರುವಾಗ ತಡ ಮಾಡುವುದಕ್ಕೆ ಎಷ್ಟು ಧೈರ್ಯ ಬೇಕೆಂದು. ಸ್ಪ್ಯಾನರನ್ನು ಮುಟ್ಟಲಿಲ್ಲ. ಎರಡನೆಯ ಓಟಕ್ಕೆ ನಾನೇ ಸಿಲಿಂಡರಿನ ವಾಲ್ವ್ ತೆರೆದೆ. ನಿಮ್ಮ ಮಗ ನನ್ನನ್ನೊಂದು ಸಲ ನೋಡಿದರು. ಇಪ್ಪತ್ತೆಂಟು ಅಂದೆ. ತಲೆಯಾಡಿಸಿದರು.

ಮೂರನೇ ಗೇರಿನಲ್ಲಿ ಒತ್ತಿದರು, ನವೆಂಬರಿನಲ್ಲಿ ಒತ್ತಿದ ಅದೇ ಜಾಗದಲ್ಲಿ. ಕಾರಿನ ಮೂತಿ ಮೇಲೆದ್ದಿತು. ಒಂದು, ಎರಡು ಎಂದು ಎಣಿಸಿದೆ. ಮೂರಕ್ಕೂ ಸದ್ದು ಒಂದೇ ಸಮ, ಬಟ್ಟೆ ಹರಿದ ಹಾಗೆ ನೀಟಾಗಿತ್ತು. ಆಮೇಲೆ ಎಣಿಸುವುದನ್ನು ಮರೆತೆ. ಕಾಲು ಮೈಲಿಗೆ ಹನ್ನೊಂದೂವರೆ ಸೆಕೆಂಡು. ಈ ಕಾರಿನಲ್ಲಿ ನಮ್ಮ ಹಿಂದಿನ ಒಳ್ಳೆಯ ಓಟಕ್ಕಿಂತ ಸೆಕೆಂಡಿನ ಹತ್ತರಲ್ಲಿ ಮೂರು ಪಾಲು ಕಡಿಮೆ. ಪ್ಲಗ್ ಬಿಚ್ಚಿ ಭೂತಗನ್ನಡಿ ಹಿಡಿದೆ. ಪಿಂಗಾಣಿ ಬೆಳ್ಳಗೆ, ಒಂದು ಚುಕ್ಕೆಯಿಲ್ಲ. ನಕ್ಕಿದ್ದ ಮೇಸ್ತ್ರಿ ತಾನೂ ಬಗ್ಗಿ ನೋಡಿ, ಎಷ್ಟಕ್ಕೆ ಇಟ್ಟಿರಿ ಎಂದು ಮೆಲ್ಲಗೆ ಕೇಳಿದ. ಹೇಳಿದೆ. ಗುಟ್ಟು ಮಾಡುವಂಥದ್ದೇನಿದೆ. ಜೋಡಿಯಾಗಿ ಓಡುವ ಕೊನೆಯ ಸುತ್ತಿನಲ್ಲಿ ಕೆಂಪು ಕಾರಿನವರಿಗೆ ಅರ್ಧ ಕಾರಿನಷ್ಟು ಅಂತರದಲ್ಲಿ ಸೋತೆವು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಪೈಕಿ ನಾನಲ್ಲ, ಸೋತದ್ದು ಸೋತದ್ದೇ. ಆದರೆ ಇಂಜಿನ್ ತನ್ನ ಕಾಲಮೇಲೆ ಮನೆಗೆ ಬಂತು. ನಿಮ್ಮ ಮಗ ದಾರಿಯುದ್ದಕ್ಕೂ ಮಾತಾಡಿದರು.

ಆದ್ದರಿಂದ ಷೆಡ್ಡು ತೆರೆದೇ ಇರುತ್ತದೆ. ಇನ್ನು ಮುಂದೆ ಇಲ್ಲಿ ಟೈಮಿಂಗ್ ಲೈಟಿನಲ್ಲೇ ಇಡುವುದು, ಇಡುವವಳು ನಾನು. ಇದು ನಿಮ್ಮನ್ನು ಹೊರಗೆ ಹಾಕುವ ಮಾತಲ್ಲ. ಲೈಟಿನ ಬೆಳಕಿನಲ್ಲಿ ಇಂಜಿನ್ನಿನ ತಿರುಗುವ ಪುಲ್ಲಿಯ ಮೇಲಿನ ಡಿಗ್ರಿಯ ಗೆರೆ ಓದಲು ಕಣ್ಣು ಬೇಕು, ನಿಮ್ಮ ಕಣ್ಣು ನನ್ನದಕ್ಕಿಂತ ಚುರುಕು. ಕಿವಿ ತೋರಿಸಲು ಇಲ್ಲಿಯೇ ಡಾಕ್ಟರಿದ್ದಾರೆ, ಅತ್ತೆ ಆಗಲೇ ಹೆಸರು ಬರೆಸಿ ಬಂದಿದ್ದಾರೆ, ನಿಮ್ಮನ್ನು ಕೇಳಿಲ್ಲ. ಬರುವುದು ಬಿಡುವುದು ನಿಮ್ಮ ಇಷ್ಟ. ಬಂದರೆ ಬಾಗಿಲು ತಟ್ಟಬೇಕಾಗಿಲ್ಲ. ಸಿಟ್ಟು ಬಂದರೆ ಬಂದು ಎದುರಿಗೇ ಬೈಯಿರಿ, ನಾನೂ ಎದುರಿಗೇ ಉತ್ತರ ಕೊಡುತ್ತೇನೆ. ಅತ್ತೆ ಪಕ್ಕದಲ್ಲಿದ್ದು ಇಬ್ಬರ ಮಾತನ್ನೂ ಜೋರಾಗಿ ಹೇಳುತ್ತಾರೆ.

ಮಂಡಿ ಜೋಪಾನ. ನಾದಿನಿಗೆ ನನ್ನ ಪ್ರೀತಿ, ನಿಮಗೆ ಗೌರವ. ಅದು ಕಡಿಮೆಯಾಗಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ.

ನಿಮ್ಮ ಮಾತು ಮೀರಿದ,
ನಿಮ್ಮ ಸೊಸೆ

ವಿ. ಸೂ.: ಲಕೋಟೆ ಅಂಟಿಸುವ ಮೊದಲು ಇದೊಂದು. ನನಗೆ ಉತ್ತರ ಬರೆಯದಿದ್ದರೂ ಚಿಂತೆಯಿಲ್ಲ, ನಿಮ್ಮ ಮಗನಿಗೆ ಒಂದು ಸಾಲು ಬರೆಯಿರಿ. ಕಿವಿಯ ವಿಷಯ ಬೇಡ, ಕ್ಷಮೆಯೂ ಬೇಡ. ಇಂಜಿನ್ ಸುಟ್ಟದ್ದು ನೀನಲ್ಲ ಅಂತ ಬರೆದರೆ ಸಾಕು. ಅಂಚೆಯವನ ಸೈಕಲ್ ಬೆಲ್ ಆದರೆ ಈ ನಾಲ್ಕು ತಿಂಗಳಿಂದ ಅವರೇ ಮೊದಲು ಏಳುವುದು. ಗುರುವಾರ ನಿಮ್ಮ ಪತ್ರವನ್ನು ತಂದವರೂ ಅವರೇ. ಅಕ್ಷರ ನೋಡಿ ಬಾಗಿಲಲ್ಲೇ ನಿಂತರು, ಆಮೇಲೆ ಲಕೋಟೆಯ ಮೇಲಿನ ಹೆಸರು ಓದಿ, ನನ್ನ ಕೈಗೆ ಕೊಟ್ಟು, ಕೈ ತೊಳೆದು ಬರುತ್ತೇನೆಂದು ಹಿತ್ತಲಿಗೆ ಹೋದರು. ಅವರ ಕೈ ಕೊಳೆಯಾಗಿರಲಿಲ್ಲ.